ಇಂಟೇಕ್ ಮ್ಯಾನಿಫೋಲ್ಡ್ ಸುತ್ತ ಆಯಿಲ್ ಲೀಕ್: ಮುಂಬೈ, ಪುಣೆ, ಗೋವಾದ ಕನ್ನಡಿಗ ಕಾರು ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಗಳು

ಡೊಂಬಿವಲಿಯಿಂದ ವಾಸ್ಕೋವರೆಗೆ ಮತ್ತೆ ಮತ್ತೆ ಕಿವಿಗೆ ಬೀಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದೆ. ಉತ್ತರಗಳು ಹೆಚ್ಚಾಗಿ ಮೂರು, ನಾಲ್ಕು ಸಿಲಿಂಡರಿನ ಸಣ್ಣ ಪೆಟ್ರೋಲ್, ಸಿಎನ್‌ಜಿ, ಡೀಸೆಲ್ ಕಾರುಗಳಿಗೆ. ಬೋಲ್ಟ್ ಬಿಗಿತದ ಅಂಕಿಗಳು ಸಾಮಾನ್ಯವಾಗಿ ಕಾಣುವಂಥವು. ನಿಮ್ಮ ಗಾಡಿಯ ವರ್ಕ್‌ಶಾಪ್ ಮ್ಯಾನ್ಯುಯಲ್ ಬೇರೆ ಹೇಳಿದರೆ ಅದೇ ಸರಿ.

## ಮೊದಲು ಇಷ್ಟು ಗೊತ್ತಿರಲಿ

ಮೆಕ್ಯಾನಿಕ್ "ಮ್ಯಾನಿಫೋಲ್ಡ್ ಪ್ಯಾಕಿಂಗ್ ಹೋಗಿದೆ, ಆಯಿಲ್ ಅಲ್ಲಿಂದಲೇ ಬರ್ತಿದೆ" ಅಂತಾನೆ. ನಂಬಬಹುದಾ?

ಅಷ್ಟು ಸುಲಭಕ್ಕೆ ಒಪ್ಪಬೇಡಿ. ನಮ್ಮ ರಸ್ತೆಯ ಬಹುಪಾಲು ಕಾರುಗಳಲ್ಲಿ ಸಿಲಿಂಡರುಗಳು ಒಂದೇ ಸಾಲಿನಲ್ಲಿರುತ್ತವೆ. ಅಂಥ ಎಂಜಿನ್ನಿನಲ್ಲಿ ಇಂಟೇಕ್ ಮ್ಯಾನಿಫೋಲ್ಡ್ ಅಂದರೆ ಸಿಲಿಂಡರುಗಳಿಗೆ ಗಾಳಿ ಸಾಗಿಸುವ ಕೊಳವೆಗಳ ಗೊಂಚಲು, ಅಷ್ಟೇ. ಎಂಜಿನ್ ಆಯಿಲ್ ಹರಿಯುವ ದಾರಿ ಅದರ ಪ್ಯಾಕಿಂಗಿನ, ಅಂದರೆ ಗ್ಯಾಸ್ಕೆಟ್ಟಿನ, ಮೂಲಕ ಸಾಮಾನ್ಯವಾಗಿ ಹೋಗುವುದೇ ಇಲ್ಲ. ಜೊತೆಗೆ, ಟರ್ಬೋ ಇಲ್ಲದ ಪೆಟ್ರೋಲ್ ಎಂಜಿನ್ ಐಡಲ್‌ನಲ್ಲಿ ಓಡುವಾಗ ಮ್ಯಾನಿಫೋಲ್ಡಿನ ಒಳಗೆ ವ್ಯಾಕ್ಯೂಮ್ ಇರುತ್ತದೆ. ಪ್ಯಾಕಿಂಗ್ ಹರಿದರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆಯೇ ಹೊರತು ಒಳಗಿನದು ಹೊರಗೆ ಸುರಿಯುವುದಿಲ್ಲ. ಆಗ ಕಾಣುವ ಲಕ್ಷಣಗಳೇ ಬೇರೆ: ಐಡಲ್ ಏರಿಳಿಯುತ್ತದೆ, ಬೆಳಗ್ಗೆ ತಣ್ಣಗಿನ ಎಂಜಿನ್ ಮಿಸ್ಸಿಂಗ್ ಹೊಡೆಯುತ್ತದೆ, ಚೆಕ್ ಎಂಜಿನ್ ದೀಪ ಹತ್ತುತ್ತದೆ. ಇವ್ಯಾವುದೂ ಇಲ್ಲದೆ ಹೊರಗೆ ಎಣ್ಣೆ ಮಾತ್ರ ಕಾಣುತ್ತಿದ್ದರೆ ಕಳ್ಳ ಬೇರೆಲ್ಲೋ ಇದ್ದಾನೆ. ಟರ್ಬೋ ಗಾಡಿ ಮತ್ತು ವಿ6 ಎಂಜಿನ್ನುಗಳ ಲೆಕ್ಕ ಬೇರೆ, ಅವು ಕೊನೆಯ ಭಾಗದಲ್ಲಿವೆ.

ಹಂಗಾದ್ರೆ ಮ್ಯಾನಿಫೋಲ್ಡ್ ಮೇಲೆ ಆಯಿಲ್ ಬಂದದ್ದಾದರೂ ಎಲ್ಲಿಂದ?

ಮೇಲಿನಿಂದ. ಮೊದಲ ಅನುಮಾನ ಟ್ಯಾಪೆಟ್ ಕವರ್, ಅಂದರೆ ಎಂಜಿನ್ನಿನ ಮೇಲ್ಮುಚ್ಚಳದ ಪ್ಯಾಕಿಂಗ್ ಮೇಲೆ. ರಬ್ಬರ್ ವರ್ಷಗಟ್ಟಲೆ ಬಿಸಿ ತಿಂದು ಗಟ್ಟಿಯಾಗುತ್ತದೆ, ಚಪ್ಪಟೆಯಾಗುತ್ತದೆ. ಕವರಿನ ಅಂಚಿನಿಂದ ಜಿನುಗಿದ ಎಣ್ಣೆ ಇಳಿದು ಮ್ಯಾನಿಫೋಲ್ಡ್ ಸೇರುವ ಜಾಗದಲ್ಲೇ ನಿಂತು ಧೂಳು ಹಿಡಿಯುತ್ತದೆ, ನೋಡಿದವರಿಗೆ ಅಲ್ಲೇ ಲೀಕ್ ಅನ್ನಿಸುತ್ತದೆ. ಎರಡನೆಯದು ಪಿಸಿವಿ ವಾಲ್ವ್ (ಎಂಜಿನ್ ಒಳಗೆ ಸೇರಿದ ಗ್ಯಾಸನ್ನು ಮ್ಯಾನಿಫೋಲ್ಡಿಗೆ ಬಿಡುವ ವಾಲ್ವ್) ಕೂರುವ ರಬ್ಬರ್ ಗ್ರಾಮೆಟ್, ಆ ಗ್ಯಾಸ್ ಸಾಗುವ ಬ್ರೀದರ್ ಪೈಪು. ಮೂರನೆಯದು ವಾಲ್ವ್ ಟೈಮಿಂಗ್ ಸೊಲೆನಾಯ್ಡ್ ಅಥವಾ ಕ್ಯಾಮ್ ಸೆನ್ಸರಿನ ಓ-ರಿಂಗ್. ಹತ್ತಿಪ್ಪತ್ತು ರೂಪಾಯಿಯ ಈ ರಿಂಗ್ ಎಷ್ಟೋ ಬಾರಿ ದೊಡ್ಡ ಬಿಲ್ಲಿಗೆ ಕಾರಣವಾಗಿದೆ. ಆಯಿಲ್ ಪ್ರೆಶರ್ ಸ್ವಿಚ್ ಕೂಡ ಲೀಕ್ ಆಗುತ್ತದೆ. ಇನ್ನು ಸರ್ವಿಸ್ ಆದ ವಾರದಲ್ಲೇ ಎಣ್ಣೆ ಕಂಡರೆ ಲೀಕೇ ಇಲ್ಲದಿರಬಹುದು: ಫನಲ್ ಇಲ್ಲದೆ ಸುರಿದಾಗ ಚೆಲ್ಲಿದ್ದು, ಅಥವಾ ಫಿಲ್ಲರ್ ಕ್ಯಾಪಿನ ವಾಷರ್ ಕೂತಿಲ್ಲ.

ಗಾಡಿ ಓಡಿಸ್ತಾ ಇರಬಹುದಾ, ಈಗಲೇ ನಿಲ್ಲಿಸಬೇಕಾ?

ಒದ್ದೆ ಧೂಳು ಮಾತ್ರ ಇದ್ದು ನೆಲಕ್ಕೆ ಹನಿ ಬೀಳದಿದ್ದರೆ ಅವಸರವಿಲ್ಲ; ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡಿ. ಹೆಚ್ಚಿನ ಕಾರುಗಳಲ್ಲಿ ಕೆಳಗಿನ ಗುರುತಿಗೂ ಮೇಲಿನ ಗುರುತಿಗೂ ನಡುವೆ ಸುಮಾರು 1 ಲೀಟರ್ ಅಂತರ. ಎಣ್ಣೆ ಎಕ್ಸಾಸ್ಟ್ ಮೇಲೆ ಬಿದ್ದು ಬಾನೆಟ್ಟಿನಿಂದ ಹೊಗೆ ಬರುತ್ತಿದ್ದರೆ ಮಾತ್ರ ಮುಂದೂಡಬೇಡಿ, ಅದು ಬೆಂಕಿಯ ವಿಷಯ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಿನಲ್ಲಿ ಬೆಲ್ಟಿಗೆ ಎಣ್ಣೆ ತಗುಲುತ್ತಿದ್ದರೂ ಅಷ್ಟೇ. ಕೆಂಪು ಆಯಿಲ್ ದೀಪ ಹತ್ತಿದರೆ ಎಕ್ಸ್‌ಪ್ರೆಸ್‌ವೇ ಆಗಲಿ, ಘಾಟ್ ಆಗಲಿ, ಬದಿಗೆ ಹಾಕಿ ಎಂಜಿನ್ ಆಫ್ ಮಾಡಿ. ಹತ್ತಿರದ ಗ್ಯಾರೇಜಿನವರೆಗೆ ಅಂತ ಎಳೆದರೆ ಬೇರಿಂಗ್ ಕೂಡ ಹೋಗುತ್ತದೆ.

ಖಂಡಾಳಾ ಘಾಟ್ ಹತ್ತಿದಾಗ ಮಾತ್ರ ಸುಟ್ಟ ವಾಸನೆ. ಪುಣೆ ಊರೊಳಗೆ ಏನೂ ಇಲ್ಲ. ಯಾಕ್ರೀ?

ಏರಿನಲ್ಲಿ ಮೂರು ಸಂಗತಿ ಒಟ್ಟಿಗೆ ಆಗುತ್ತವೆ. ಬಿಸಿಗೆ ಆಯಿಲ್ ತೆಳ್ಳಗಾಗುತ್ತದೆ. ಲೋಡ್ ಹೆಚ್ಚಿದಂತೆ ಪಿಸ್ಟನ್ ರಿಂಗುಗಳನ್ನು ದಾಟಿ ಕ್ರ್ಯಾಂಕ್‌ಕೇಸಿಗೆ, ಅಂದರೆ ಎಂಜಿನ್ನಿನ ಕೆಳಭಾಗಕ್ಕೆ, ಇಳಿಯುವ ಗ್ಯಾಸ್ ಹೆಚ್ಚಿ ಒಳಗಿನ ಒತ್ತಡ ಏರುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೂಡ ಕಾದಿರುತ್ತದೆ. ಊರಿನ ಟ್ರಾಫಿಕ್ಕಿನಲ್ಲಿ ಸುಮ್ಮನೆ ಜಿನುಗುವ ಪ್ಯಾಕಿಂಗ್ ಅಲ್ಲಿ ಹನಿ ಬಿಡುತ್ತದೆ, ಹನಿ ಬಿದ್ದಲ್ಲಿ ಸುಡುತ್ತದೆ. ಖಂಬಾಟ್ಕಿ, ಚೋರ್ಲಾ, ಅನಮೋಡ್ ಘಾಟ್‌ಗಳಲ್ಲೂ ಇದೇ ಕಥೆ. ಲೀಕ್ ಪತ್ತೆ ಮಾಡುವ ಪರೀಕ್ಷೆಯನ್ನೂ ಏರು ಹತ್ತಿ ಬಂದ ಕೂಡಲೇ ಮಾಡಿದರೆ ಒಳ್ಳೆಯದು.

ಇಳಿಜಾರು ಮುಗಿದು ಆಕ್ಸಿಲರೇಟರ್ ಒತ್ತಿದೊಡನೆ ನೀಲಿ ಹೊಗೆ ಬಂದರೆ ಅದು ಬೇರೆ ಕಾಯಿಲೆ: ಹೆಚ್ಚಾಗಿ ವಾಲ್ವ್ ಸ್ಟೆಮ್ ಸೀಲ್, ಕೆಲವೊಮ್ಮೆ ಪಿಸಿವಿ.

ಮಳೆಗಾಲದಲ್ಲಿ ಆಯಿಲ್ ಕ್ಯಾಪ್ ಒಳಗೆ ಹಳದಿ ಕೆನೆ ಕಟ್ಟಿದೆ. ಹೆಡ್ ಗ್ಯಾಸ್ಕೆಟ್ ಹೋಯ್ತಾ?

ಹೆಚ್ಚಾಗಿ ಇಲ್ಲ, ಅದು ತೇವ ಬೆರೆತ ಆಯಿಲ್. ಸ್ಟೇಷನ್ನಿಗೆ ಹೋಗಿ ಬರುವ ಎರಡು ಕಿಲೋಮೀಟರ್ ಓಡಾಟವಾದರೆ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ, ಒಳಗಿನ ತೇವ ಆರುವುದಿಲ್ಲ. ಅರ್ಧ ಗಂಟೆ ಹೈವೇ ಓಡಿಸಿ. ಡಿಪ್‌ಸ್ಟಿಕ್ ಮೇಲಿನ ಆಯಿಲ್ ಸ್ವಚ್ಛವಾಗಿದ್ದು ಕೂಲಂಟ್ ಕಡಿಮೆಯಾಗದಿದ್ದರೆ ಚಿಂತೆ ಬೇಡ.

## ಪತ್ತೆ ಹಚ್ಚುವುದು

ಎಲ್ಲ ಕಡೆ ಎಣ್ಣೆಮಯ. ನಿಜವಾದ ಜಾಗ ಹೇಗೆ ಹುಡುಕೋದು?

ತೊಳೆಯದೆ ಹುಡುಕಲು ಹೋಗಬೇಡಿ. ಎಂಜಿನ್ ತಣ್ಣಗಿರುವಾಗ ಡಿಗ್ರೀಸರ್ ಹೊಡೆದು ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ, ಬಟ್ಟೆಯಿಂದ ಒರೆಸಿ. ವಾಟರ್ ಸರ್ವಿಸ್‌ನವರ ಜೋರು ನೀರು ಕಾಯಿಲ್, ಆಲ್ಟರ್ನೇಟರ್, ಕನೆಕ್ಟರುಗಳ ಮೇಲೆ ಬೇಡ. ಸೀಮೆಎಣ್ಣೆ, ಪೆಟ್ರೋಲಿನಲ್ಲಿ ತೊಳೆಯುವ ಅಭ್ಯಾಸವೂ ಬೇಡ. ರಬ್ಬರ್ ಉಬ್ಬುತ್ತದೆ, ಬೆಂಕಿಯ ಭಯ ಬೇರೆ.

ಒಣಗಿದ ಮೇಲೆ ಟ್ಯಾಪೆಟ್ ಕವರಿನ ಅಂಚು, ಮ್ಯಾನಿಫೋಲ್ಡ್ ಸೇರುವ ಗೆರೆ, ಸೊಲೆನಾಯ್ಡಿನ ಬುಡ ಎಲ್ಲಕ್ಕೂ ಟಾಲ್ಕಂ ಪೌಡರ್ ತೆಳ್ಳಗೆ ಉದುರಿಸಿ. ಬೆಲ್ಟ್ ಮತ್ತು ಗಾಳಿ ಎಳೆಯುವ ಬಾಯಿಯ ಹತ್ತಿರ ಮಾತ್ರ ಬೇಡ. ಎಂಜಿನ್ ಓಡಿಸಿ, ಹತ್ತು ಹದಿನೈದು ನಿಮಿಷ ಬಿಟ್ಟು ಟಾರ್ಚ್ ಹಿಡಿದು ನೋಡಿ. ಬಿಳಿ ಪುಡಿಯ ಮೇಲೆ ಕಂದು ಗೆರೆ ಎದ್ದಿರುತ್ತದೆ. ಆ ಗೆರೆ ಕೆಳಗೆ ಎಲ್ಲಿಗೆ ಹೋಯಿತು ಅನ್ನುವುದು ಮುಖ್ಯವಲ್ಲ, ಮೇಲೆ ಎಲ್ಲಿ ಶುರುವಾಯಿತು ಅನ್ನುವುದೇ ಮುಖ್ಯ. ಓಡುವ ಗಾಡಿಯಲ್ಲಿ ಗಾಳಿ ಎಣ್ಣೆಯನ್ನು ಹಿಂದಕ್ಕೂ ತಳ್ಳುವುದರಿಂದ, ಎಲ್ಲಕ್ಕಿಂತ ಮೇಲಿನ ಮತ್ತು ಎಲ್ಲಕ್ಕಿಂತ ಮುಂದಿನ ಒದ್ದೆ ಜಾಗವೇ ಮೂಲ.

ಪೌಡರಿಗೆ ಸಿಗದ ಸಣ್ಣ ಲೀಕಿಗೆ ಯುವಿ ಡೈ ಇದೆ. ಡಬ್ಬಿಯ ಮೇಲೆ ಬರೆದಷ್ಟು ಅಳತೆಯಲ್ಲಿ ಆಯಿಲ್‌ಗೆ ಬೆರೆಸಿ, ಎರಡು ದಿನ ಓಡಿಸಿ, ರಾತ್ರಿ ಯುವಿ ಟಾರ್ಚಿನಲ್ಲಿ ನೋಡಿದರೆ ಹಸಿರು ಹಳದಿಯಾಗಿ ಹೊಳೆಯುತ್ತದೆ. ಮ್ಯಾನಿಫೋಲ್ಡಿನ ಹಿಂಬದಿ ಕೈಗೂ ಕಣ್ಣಿಗೂ ಸಿಗದಿದ್ದರೆ ಫೋನ್ ಕ್ಯಾಮೆರಾ ತೂರಿಸಿ ವಿಡಿಯೋ ತೆಗೆಯಿರಿ. ಮೆಕ್ಯಾನಿಕ್ ಜೊತೆ ಮಾತಾಡುವಾಗಲೂ ಆ ವಿಡಿಯೋ ಕೆಲಸಕ್ಕೆ ಬರುತ್ತದೆ.

ಪಿಸಿವಿ ಬ್ಲಾಕ್ ಆಗಿದೆಯಾ ಅಂತ ಮನೆಯಲ್ಲೇ ನೋಡಬಹುದಾ?

ನೋಡಬಹುದು. ಬಿಸಿ ಎಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ಫಿಲ್ಲರ್ ಕ್ಯಾಪ್ ತೆಗೆದು ಬಾಯಿಗೆ ಒಂದು ತೆಳ್ಳನೆ ಕಾಗದ ಇಡಿ. ಪೆಟ್ರೋಲ್ ಎಂಜಿನ್ ಅದನ್ನು ಮೆಲ್ಲಗೆ ಎಳೆದುಕೊಂಡರೆ ಸರಿ. ಕಾಗದ ಹಾರಿಹೋದರೆ ಪಿಸಿವಿ ಮುಚ್ಚಿದೆ ಅಥವಾ ರಿಂಗುಗಳು ಸವೆದಿವೆ. ತುಂಬಾ ಜೋರಾಗಿ ಹಿಡಿದುಕೊಂಡು ಶಿಳ್ಳೆಯ ಸದ್ದು ಬಂದರೆ ಪಿಸಿವಿ ಡಯಾಫ್ರಮ್ ಹರಿದಿದೆ. ಗುಂಡು ಇರುವ ಮಾದರಿಯ ವಾಲ್ವ್ ಆದರೆ ಬಿಚ್ಚಿ ಅಲ್ಲಾಡಿಸಿ, ಕಟಕಟ ಅನ್ನಬೇಕು. ಅನ್ನದಿದ್ದರೆ ಹೊಸದು ಹಾಕಿ. ತೊಳೆದು ಉಳಿಸುವಷ್ಟು ಬೆಲೆಯ ವಸ್ತುವಲ್ಲ. ಪೈಪನ್ನೂ ಬೆರಳಿನಿಂದ ಒತ್ತಿ ನೋಡಿ. ಸೊಸೈಟಿ ಪಾರ್ಕಿಂಗಿನಲ್ಲಿ ಮಳೆಗಾಲಕ್ಕೆ ಇಲಿಗಳು ಬಾನೆಟ್ಟಿನೊಳಗೆ ಸೇರುತ್ತವೆ, ಬ್ರೀದರ್ ಪೈಪು ಅವುಗಳಿಗೆ ಬಹಳ ಇಷ್ಟ.

ನಮ್ಮದು ಸಿಎನ್‌ಜಿ ಗಾಡಿ. ಮ್ಯಾನಿಫೋಲ್ಡ್ ಹತ್ತಿರ ಎಣ್ಣೆ ಪಸೆ ಇದ್ದರೆ ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಇರಬಹುದು. ಹೊರಗಿನಿಂದ ಹಾಕಿಸಿದ ಸೀಕ್ವೆನ್ಷಿಯಲ್ ಕಿಟ್ ಆದರೆ ಮ್ಯಾನಿಫೋಲ್ಡಿನ ಪ್ರತಿ ಕೊಳವೆಗೂ ಡ್ರಿಲ್ ಹೊಡೆದು ಹಿತ್ತಾಳೆ ನಾಝಲ್ ಕೂರಿಸಿರುತ್ತಾರೆ. ಆ ತೂತಿನ ಥ್ರೆಡ್ ಸಡಿಲವಾದರೆ ಅಲ್ಲಿ ಗಾಳಿ ಎಳೆಯುತ್ತದೆ, ಸುತ್ತ ಪಸೆ ಕೂಡುತ್ತದೆ. ಇನ್ನೊಂದು ಮೂಲ ಗ್ಯಾಸೇ. ಪಂಪಿನ ಕಂಪ್ರೆಸರಿನಿಂದ ಗ್ಯಾಸ್ ಜೊತೆ ಅಷ್ಟಿಷ್ಟು ಆಯಿಲ್ ಬರುತ್ತದೆ. ಸಿಎನ್‌ಜಿ ಫಿಲ್ಟರ್ ಬಹಳ ದಿನ ಬದಲಿಸದಿದ್ದರೆ ಅದು ಇಂಜೆಕ್ಟರ್ ರೈಲಿನವರೆಗೂ ಹೋಗುತ್ತದೆ, ಹೋಸಿನ ತುದಿಯಲ್ಲಿ ಜಿನುಗುತ್ತದೆ. ಇದು ತೆಳು ಪಸೆಯಾಗಿಯೇ ಇರುತ್ತದೆ. ಹನಿಹನಿಯಾಗಿ ಬೀಳುವಷ್ಟಿದ್ದರೆ ಎಂಜಿನ್ ಆಯಿಲ್‌ನದೇ ಲೀಕ್. ಹಳೇ ಮಿಕ್ಸರ್ ಕಿಟ್ ಬ್ಯಾಕ್‌ಫೈರ್ ಹೊಡೆದರೆ ಏರ್ ಫಿಲ್ಟರ್ ಡಬ್ಬಿ, ಪ್ಲಾಸ್ಟಿಕ್ ಮ್ಯಾನಿಫೋಲ್ಡ್ ಬಿರುಕು ಬಿಡುವುದೂ ಉಂಟು. ಗ್ಯಾಸ್ ಲೈನಿಗೆ ನೀವೇ ಕೈ ಹಾಕಬೇಡಿ, ಸಿಎನ್‌ಜಿ ಕೆಲಸ ಬಲ್ಲವರಿಗೇ ಬಿಡಿ.

ಥ್ರಾಟಲ್ ಬಾಡಿ ಬಿಚ್ಚಿದರೆ ಒಳಗೂ ಎಣ್ಣೆ. ಇದೂ ಲೀಕಾ?

ಬೆರಳಿಗೆ ಅಂಟುವಷ್ಟು ತೆಳುಪದರ ಸಹಜ. ಪಿಸಿವಿ ಎಳೆದುಕೊಂಡ ಆಯಿಲ್ ಆವಿ ಅದು. ಮ್ಯಾನಿಫೋಲ್ಡಿನ ತಳದಲ್ಲಿ ನಿಂತಿದ್ದರೆ ಮಾತ್ರ ಪಿಸಿವಿ ನೋಡಿ, ಹಾಗೆಯೇ ಆಯಿಲ್ ಮೇಲಿನ ಗುರುತು ದಾಟಿದೆಯಾ ಅಂತಲೂ ನೋಡಿ. ಸರ್ವಿಸಿನಲ್ಲಿ ಜಾಸ್ತಿ ತುಂಬುವುದು ಅಪರೂಪವೇನಲ್ಲ.

## ಬಿಚ್ಚುವುದು, ಜೋಡಿಸುವುದು

ಟ್ಯಾಪೆಟ್ ಕವರ್ ಪ್ಯಾಕಿಂಗ್ ನಾನೇ ಬದಲಿಸಬಹುದಾ?

ಸಣ್ಣ ಪೆಟ್ರೋಲ್ ಕಾರಿನಲ್ಲಿ, ಟಾರ್ಕ್ ರೆಂಚ್ ಇದ್ದರೆ, ಅರ್ಧ ದಿನದ ಕೆಲಸ.

ಎಂಜಿನ್ ಪೂರ್ತಿ ತಣಿದಿರಲಿ. ಕಾಯಿಲ್‌ಗಳನ್ನು ಎತ್ತಿ ಪಕ್ಕಕ್ಕಿಡಿ. ಪ್ಲಗ್ ಗುಂಡಿಯಲ್ಲಿ ಎಣ್ಣೆ ತುಂಬಿದ್ದರೆ ಸಿರಿಂಜಿನಿಂದ ಹೀರಿ ತೆಗೆಯಿರಿ. ಮೊದಲೇ ಪ್ಲಗ್ ಬಿಚ್ಚಿದರೆ ಅಷ್ಟೂ ಸಿಲಿಂಡರಿಗೆ ಇಳಿಯುತ್ತದೆ. ಕವರಿನ ಸುತ್ತಲಿನ ಧೂಳನ್ನು ಊದಿ, ಒರೆಸಿ. ಬೋಲ್ಟುಗಳನ್ನು ಅಂಚಿನಿಂದ ನಡುವಿಗೆ ಬರುತ್ತ ಸಡಿಲಿಸಿ. ಕವರ್ ಅಂಟಿಕೊಂಡಿದ್ದರೆ ರಬ್ಬರ್ ಸುತ್ತಿಗೆಯಿಂದ ಬದಿಗೆ ತಟ್ಟಿ. ಸ್ಕ್ರೂಡ್ರೈವರ್ ತುರುಕಿ ಎತ್ತಿದಿರೋ, ಅಲ್ಯೂಮಿನಿಯಂ ಮೇಲೆ ಬಿದ್ದ ಆ ಗೀರೇ ಮುಂದಿನ ಲೀಕಿಗೆ ದಾರಿ.

ಹಳೇ ರಬ್ಬರ್ ತೆಗೆದು ಅದು ಕೂತಿದ್ದ ಕವರಿನ ತೋಡು ಸ್ವಚ್ಛ ಮಾಡಿ. ಹೊಸ ಪ್ಯಾಕಿಂಗನ್ನು ಒಣಗಿಯೇ ಒತ್ತಿ ಕೂರಿಸಿ, ಎಲ್ಲೂ ತಿರುಚಿರಬಾರದು. ಪ್ಲಗ್ ಟ್ಯೂಬ್ ಸೀಲುಗಳನ್ನೂ ಜೊತೆಯಲ್ಲೇ ಬದಲಿಸಿ. ಟೈಮಿಂಗ್ ಚೈನ್ ಕವರ್ ಮತ್ತು ಹೆಡ್ ಕೂಡುವ ಮೂಲೆಗಳಲ್ಲಿ ಮಾತ್ರ ಸುಮಾರು 3 ಮಿ.ಮೀ. ದಪ್ಪದ ಸಿಲಿಕೋನ್ ಬೊಟ್ಟು ಇಟ್ಟು, ಅದು ಕೆನೆಗಟ್ಟುವ ಮೊದಲು ಕವರ್ ಕೂರಿಸಿ. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಎರಡು ಸುತ್ತಿನಲ್ಲಿ ಬಿಗಿ ಮಾಡಿ. 6 ಮಿ.ಮೀ. ಬೋಲ್ಟುಗಳಿಗೆ ಸಾಮಾನ್ಯವಾಗಿ 8ರಿಂದ 11 ನ್ಯೂಟನ್ ಮೀಟರ್ ಸಾಕು. ಕೈಯಂದಾಜಿನಲ್ಲಿ "ಇನ್ನೊಂಚೂರು" ಅಂದಾಗಲೇ ಥ್ರೆಡ್ ಹೋಗುವುದು.

ಸುತ್ತಲೂ ಸಿಲಿಕೋನ್ ಬಳಿದರೆ ಗಟ್ಟಿಯಾಗಲ್ವಾ?

ಇಲ್ಲ. ಅಚ್ಚಿನಲ್ಲಿ ಎರೆದ ರಬ್ಬರ್ ಪ್ಯಾಕಿಂಗ್ ತಾನೇ ಒತ್ತಿಕೊಂಡು ಮುಚ್ಚುವಂಥದ್ದು; ಸಿಲಿಕೋನ್ ಹಚ್ಚಿದರೆ ಜಾರಿ ಹೊರಗೆ ಬರುತ್ತದೆ. ಒಳಗೆ ಹಿಂಡಿದ ಸಿಲಿಕೋನ್ ತುಣುಕಾಗಿ ಎಂಜಿನ್ ತಳದ ಆಯಿಲ್ ತಟ್ಟೆಗೆ ಬಿದ್ದು ಆಯಿಲ್ ಪಂಪಿನ ಜಾಲರಿ ಕಟ್ಟಿಕೊಂಡರೆ, ಲೀಕ್ ನಿಲ್ಲಿಸಲು ಹೋಗಿ ಎಂಜಿನ್ ಕಳಕೊಂಡಂತೆ. ಹೊರಗಿನಿಂದ ಬಳಿಯುವುದಂತೂ ಶುದ್ಧ ವ್ಯರ್ಥ, ಎಣ್ಣೆಯ ಮೇಲೆ ಅದು ಹಿಡಿಯುವುದೇ ಇಲ್ಲ. ಕವರ್ ಬಿಚ್ಚಿದಾಗ ಅಂಚಿನುದ್ದಕ್ಕೂ ಕೆಂಪು ಸಿಲಿಕೋನ್ ಕಂಡರೆ ಹಿಂದಿನ ಗ್ಯಾರೇಜಿನ ಕೆಲಸ ಎಂಥದ್ದೆಂದು ಅಲ್ಲೇ ಗೊತ್ತಾಗುತ್ತದೆ.

ಲೀಕ್ ನಿಲ್ಲಿಸೋ ಬಾಟಲಿ ಸಿಗುತ್ತಲ್ಲ, ಅದು?

ಗಟ್ಟಿಯಾದ ರಬ್ಬರನ್ನು ಸ್ವಲ್ಪ ಉಬ್ಬಿಸಬಹುದು. ಹರಿದದ್ದನ್ನು, ಸಡಿಲ ಬೋಲ್ಟನ್ನು, ಮುಚ್ಚಿದ ಪಿಸಿವಿಯನ್ನು ಅದು ಏನೂ ಮಾಡದು. ದುಡ್ಡನ್ನು ಪ್ಯಾಕಿಂಗಿಗೆ ಹಾಕಿ.

ಮ್ಯಾನಿಫೋಲ್ಡನ್ನೇ ಇಳಿಸಬೇಕಾಗಿ ಬಂದರೆ ಕ್ರಮ ಹೇಗೆ?

ಮೊದಲು ಪೆಟ್ರೋಲ್ ಒತ್ತಡ ಇಳಿಸಿ: ಫ್ಯುಯೆಲ್ ಪಂಪಿನ ಫ್ಯೂಸ್ ಕಿತ್ತು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಆಮೇಲೆ ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಡೈರೆಕ್ಟ್ ಇಂಜೆಕ್ಷನ್ ಮತ್ತು ಡೀಸೆಲ್ ಕಾಮನ್ ರೈಲ್ ಗಾಡಿಗಳ ಹೈ ಪ್ರೆಶರ್ ಲೈನುಗಳನ್ನು ಮನೆಯಲ್ಲಿ ಮುಟ್ಟಬೇಡಿ. ಪ್ರತಿ ಪೈಪು, ಕನೆಕ್ಟರಿನ ಫೋಟೋ ತೆಗೆದು, ಟೇಪ್ ಅಂಟಿಸಿ ನಂಬರ್ ಹಾಕಿ. ಥ್ರಾಟಲ್ ಬಾಡಿಗೆ ಕೂಲಂಟ್ ಪೈಪು ಬರುತ್ತಿದ್ದರೆ ರೇಡಿಯೇಟರಿನಿಂದ ಒಂದಿಷ್ಟು ಇಳಿಸಿಕೊಳ್ಳಿ. ಎಲ್ಲ ಬೋಲ್ಟ್ ಬಿಚ್ಚಿದರೂ ಮ್ಯಾನಿಫೋಲ್ಡ್ ಬರುತ್ತಿಲ್ಲವೆಂದರೆ ಕೆಳಗೆ ಆಧಾರಕ್ಕೆ ಕೊಟ್ಟ ಬ್ರಾಕೆಟ್ ಉಳಿದಿರುತ್ತದೆ; ಎಳೆದಾಡಿ ಪ್ಲಾಸ್ಟಿಕ್ ಮುರಿಯಬೇಡಿ.

ಇಳಿಸಿದ ಕೂಡಲೇ ಹೆಡ್ಡಿನ ತೆರೆದ ಬಾಯಿಗಳಿಗೆ ಸ್ವಚ್ಛ ಬಟ್ಟೆ ತುರುಕಿ, ಎಷ್ಟು ತುಂಡು ಅಂತ ಎಣಿಸಿಟ್ಟುಕೊಳ್ಳಿ. ಅಲ್ಲಿ ಬಿದ್ದ ಒಂದು ವಾಷರ್ ಸಾಕು, ಎಂಜಿನ್ ಮುಗಿಯಿತು. ಹಳೇ ಪ್ಯಾಕಿಂಗನ್ನು ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಕೆರೆಯಿರಿ. ಮರಳು ಕಾಗದದ ಪುಡಿ ಒಳಗೆ ಹೋಗುವುದರಿಂದ ಅದು ಬೇಡ. ಮೇಲ್ಮೈಗೆ ನೇರ ಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿ; ಸಾಮಾನ್ಯವಾಗಿ 0.10–0.15 ಮಿ.ಮೀ. ದಾಟಿದರೆ ಮ್ಯಾನಿಫೋಲ್ಡ್ ಬಾಗಿದೆ, ಹೊಸ ಪ್ಯಾಕಿಂಗ್ ಹಾಕಿದರೂ ನಿಲ್ಲದು. ಜೋಡಿಸುವಾಗ ಎಲ್ಲ ಬೋಲ್ಟುಗಳನ್ನು ಮೊದಲು ಕೈಬೆರಳಿನಿಂದ ತಿರುಗಿಸಿ, ಆಮೇಲೆ ನಡುವಿನಿಂದ ಹೊರಕ್ಕೆ ಎರಡು ಮೂರು ಹಂತದಲ್ಲಿ ಬಿಗಿ ಮಾಡಿ. 8 ಮಿ.ಮೀ. ಬೋಲ್ಟಿಗೆ 18–25 ನ್ಯೂಟನ್ ಮೀಟರ್ ವಾಡಿಕೆ, ಪ್ಲಾಸ್ಟಿಕ್ ಮ್ಯಾನಿಫೋಲ್ಡಿಗೆ ಇನ್ನೂ ಕಡಿಮೆ ಇರಬಹುದು.

ಗೋವಾದಲ್ಲಿ ಸಮುದ್ರದ ಹತ್ತಿರ ಮನೆ. ಬೋಲ್ಟುಗಳು ತುಕ್ಕು ಹಿಡಿದು ಅಲ್ಲಾಡಲ್ಲ. ಏನು ಮಾಡೋದು?

ಹಿಂದಿನ ರಾತ್ರಿಯೇ ಪೆನಿಟ್ರೇಟಿಂಗ್ ಆಯಿಲ್ ಹೊಡೆದಿಡಿ. ಬೆಳಗ್ಗೆ ತಲೆಯ ಮೇಲೆ ಮೆಲ್ಲಗೆ ತಟ್ಟಿ, ಮೊದಲು ಚೂರು ಬಿಗಿ ಕಡೆಗೆ ತಿರುಗಿಸಿ, ಆಮೇಲೆ ಸಡಿಲಿಸಿ. ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬಂದರೆ ದಪ್ಪ ಬೋಲ್ಟ್ ತುರುಕಬೇಡಿ. ಲೇತ್ ಅಂಗಡಿಯವರು ಹೆಲಿಕಾಯಿಲ್ (ತೂತಿಗೆ ಕೂರಿಸುವ ಸ್ಟೀಲ್ ತಂತಿಯ ಹೊಸ ಥ್ರೆಡ್) ಹಾಕಿಕೊಡುತ್ತಾರೆ, ಅದು ಮೂಲ ಥ್ರೆಡ್ಡಿನಷ್ಟೇ ಗಟ್ಟಿ.

ಪ್ಯಾಕಿಂಗ್ ಎಲ್ಲಿ ತಗೋಬೇಕು? ಲೋಕಲ್ ಹಾಕಿದರೆ ನಡೆಯುತ್ತಾ?

ಪುಣೆಯಲ್ಲಿ ನಾನಾ ಪೇಠ್, ಮುಂಬೈಯಲ್ಲಿ ಕುರ್ಲಾದ ಸಿಎಸ್‌ಟಿ ರಸ್ತೆಯಲ್ಲಿ ಬಹುತೇಕ ಎಲ್ಲ ಗಾಡಿಯದೂ ಸಿಗುತ್ತದೆ. ಹೋಗುವಾಗ ಆರ್‌ಸಿಯ ಫೋಟೋ ಇರಲಿ. ಹೆಸರು ಒಂದೇ ಇದ್ದರೂ ವರ್ಷಕ್ಕೆ ತಕ್ಕಂತೆ ಎಂಜಿನ್ ಬದಲಾಗಿರುತ್ತದೆ. ಕಂಪನಿ ಪ್ಯಾಕಿಂಗಿಗೂ ಲೋಕಲ್‌ಗೂ ವ್ಯತ್ಯಾಸ ಕೆಲವು ನೂರು ರೂಪಾಯಿ. ಎರಡನೇ ಸಲದ ಮಜೂರಿ ಅದಕ್ಕಿಂತ ಹೆಚ್ಚು. ಕಂಪನಿಯದೇ ಹಾಕಿ.

ಸೊಸೈಟಿ ಪಾರ್ಕಿಂಗಿನಲ್ಲಿ ಎಣ್ಣೆ ಕಲೆ ಬಿದ್ದು ಗಲಾಟೆ. ಹಳೇ ಆಯಿಲ್ ಏನು ಮಾಡೋದು?

ಹಸಿ ಕಲೆಯ ಮೇಲೆ ಮರದ ಹೊಟ್ಟು ಅಥವಾ ಬೂದಿ ಹಾಕಿ ಒಂದು ರಾತ್ರಿ ಬಿಡಿ, ಗುಡಿಸಿ, ಡಿಗ್ರೀಸರಿನಲ್ಲಿ ಉಜ್ಜಿ. ಗಾಡಿ ಕೆಳಗೆ ರಟ್ಟು ಹಾಸಿದರೆ ಸೆಕ್ರೆಟರಿಯೂ ಸುಮ್ಮನಾಗುತ್ತಾರೆ, ದಿನಕ್ಕೆ ಎಷ್ಟು ಹನಿ ಅನ್ನುವುದೂ ಗೊತ್ತಾಗುತ್ತದೆ. ಬಳಸಿದ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಬರುತ್ತದೆ. ಗಟಾರಿಗೆ ಸುರಿಯದೆ ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ.

## ಇನ್ನಷ್ಟು ಆಳಕ್ಕೆ

ಹೊಸ ಪ್ಯಾಕಿಂಗ್ ಹಾಕಿ ಎರಡೇ ತಿಂಗಳಿಗೆ ಮತ್ತೆ ಲೀಕ್. ಪ್ಯಾಕಿಂಗೇ ಡೂಪ್ಲಿಕೇಟಾ?

ಇರಬಹುದು, ಆದರೆ ಮೊದಲು ಒತ್ತಡ ನೋಡಿ. ಪಿಸಿವಿ ಮುಚ್ಚಿದ್ದರೆ ಕ್ರ್ಯಾಂಕ್‌ಕೇಸಿನ ಗ್ಯಾಸ್ ಎಲ್ಲಾದರೂ ದಾರಿ ಮಾಡಿಕೊಳ್ಳಲೇಬೇಕು. ಒಂದು ಸೀಲ್ ಬದಲಿಸಿದರೆ ಮುಂದಿನ ದುರ್ಬಲ ಸೀಲಿನಿಂದ ಹೊರಬರುತ್ತದೆ. ಪಿಸಿವಿ ಸರಿಯಿದ್ದೂ ಕಾಗದ ಹಾರುತ್ತಿದ್ದರೆ ಸಿಲಿಂಡರ್ ಒತ್ತಡ ಹಿಡಿದಿಡುತ್ತದೆಯಾ ಅಂತ ನೋಡುವ ಕಂಪ್ರೆಷನ್ ಮತ್ತು ಲೀಕ್‌ಡೌನ್ ಪರೀಕ್ಷೆ ಮಾಡಿಸಿ. ಅದೂ ಸರಿಯಿದ್ದರೆ ಬಾಗಿದ ಕವರ್, ಬಿಟ್ಟುಹೋದ ಮೂಲೆಯ ಸಿಲಿಕೋನ್ ಬೊಟ್ಟು, ಬೋಲ್ಟಿನ ರಬ್ಬರ್ ವಾಷರ್ ನೋಡಿ. ಪ್ಲಾಸ್ಟಿಕ್ ಕವರ್ ಬಾಗಿದರೆ ಹೊಸದೇ ಗತಿ.

ಮ್ಯಾನಿಫೋಲ್ಡ್ ಬಿಚ್ಚಿ ಹಾಕಿದ ಮೇಲೆ ಐಡಲ್ ಜಾಸ್ತಿ, ಚೆಕ್ ಎಂಜಿನ್ ದೀಪ, ಪಿ0171 ಕೋಡ್.

ಆ ಕೋಡ್ ಅಂದರೆ ಗಾಳಿ ಹೆಚ್ಚು, ಇಂಧನ ಕಡಿಮೆ. ಬಿಟ್ಟುಹೋದ ವ್ಯಾಕ್ಯೂಮ್ ಪೈಪು ಹುಡುಕಿ, ಬ್ರೇಕ್ ಬೂಸ್ಟರಿನದೂ ಸೇರಿ. ಸ್ಕ್ಯಾನರಿನಲ್ಲಿ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ (ಕಂಪ್ಯೂಟರ್ ಹೆಚ್ಚುವರಿ ಕೊಡುತ್ತಿರುವ ಇಂಧನದ ಲೆಕ್ಕ) ಐಡಲ್‌ನಲ್ಲಿ ಶೇ. 10 ಮೀರಿದ್ದು, 2500 ಆರ್‌ಪಿಎಂನಲ್ಲಿ ಇಳಿದರೆ ವ್ಯಾಕ್ಯೂಮ್ ಲೀಕ್ ಬಹುತೇಕ ಖಚಿತ. ಜಾಗ ಹಿಡಿಯಲು ಸ್ಮೋಕ್ ಟೆಸ್ಟ್ (ಒಳಗೆ ಹೊಗೆ ತುಂಬಿ ಎಲ್ಲಿ ಹೊರಬರುತ್ತದೆ ಅಂತ ನೋಡುವುದು) ಎಲ್ಲಕ್ಕಿಂತ ಚೆನ್ನ. ಬಿಸಿ ಎಂಜಿನ್ ಮೇಲೆ ಕಾರ್ಬ್ ಕ್ಲೀನರ್ ಹೊಡೆಯುವ ಹಳೇ ವಿದ್ಯೆ ಬೆಂಕಿಗೆ ಆಹ್ವಾನ. ಎಲ್ಲೂ ಲೀಕ್ ಇಲ್ಲದಿದ್ದರೆ ಬ್ಯಾಟರಿ ತೆಗೆದದ್ದಕ್ಕೆ ಥ್ರಾಟಲ್ ಮತ್ತೆ ಐಡಲ್ ಕಲಿಯಬೇಕಾಗಿರಬಹುದು. ಅದರ ವಿಧಾನ ಗಾಡಿಗೊಂದು ಥರ.

ಡೀಸೆಲ್ ಗಾಡಿ. ಇಂಟರ್‌ಕೂಲರ್ ಹೋಸ್, ಮ್ಯಾನಿಫೋಲ್ಡ್ ಜಾಯಿಂಟ್ ಎರಡೂ ಎಣ್ಣೆ. ಟರ್ಬೋ ಹೋಯ್ತಾ?

ಟರ್ಬೋ ಗಾಡಿಯಲ್ಲಿ ಬೂಸ್ಟ್ ಬಂದಾಗ ಮ್ಯಾನಿಫೋಲ್ಡ್ ಒಳಗಿನ ಒತ್ತಡ ಹೊರಗಿಗಿಂತ ಹೆಚ್ಚು, ಆದ್ದರಿಂದ ಇಲ್ಲಿ ಎಣ್ಣೆ ನಿಜಕ್ಕೂ ಹೊರಗೆ ಬರುತ್ತದೆ. ಬ್ರೀದರಿನಿಂದ ಬಂದ ಆಯಿಲ್ ಆವಿ ಇಂಟರ್‌ಕೂಲರ್ (ಟರ್ಬೋದ ಬಿಸಿ ಗಾಳಿ ತಣಿಸುವ ಭಾಗ) ಹೋಸಿನೊಳಗೆ ತೆಳುವಾಗಿ ಕೂರುವುದು ಸಹಜ. ಕ್ಲಿಪ್ ಸಡಿಲವಾದರೆ ಹೊರಗೆ ಚಿಮ್ಮುತ್ತದೆ. ಹೊಸ ಕ್ಲಿಪ್, ಉಬ್ಬಿದ ಹೋಸ್ ಇದ್ದರೆ ಹೊಸ ಹೋಸ್, ಅಲ್ಲಿಗೆ ಮುಗಿಯಿತು. ಟರ್ಬೋದ ಶಾಫ್ಟ್ ಕೈಯಲ್ಲಿ ಹಿಡಿದು ಅಲ್ಲಾಡಿಸಿದಾಗ ರೆಕ್ಕೆ ಗೋಡೆಗೆ ತಾಗಿದರೆ, ಅಥವಾ ಇಂಟರ್‌ಕೂಲರ್ ಬಗ್ಗಿಸಿದಾಗ ಎಣ್ಣೆ ಸುರಿದರೆ ಮಾತ್ರ ಟರ್ಬೋ ಕೆಲಸ.

ಇಂಟರ್‌ಕೂಲರಿನಲ್ಲಿ ನಿಂತ ಎಣ್ಣೆಯನ್ನು ಖಾಲಿ ಮಾಡದೆ ಓಡಿಸಬೇಡಿ. ಎಂಜಿನ್ ಅದನ್ನೇ ಇಂಧನವಾಗಿ ಎಳೆದುಕೊಂಡರೆ ಕೀ ತೆಗೆದರೂ ನಿಲ್ಲದೆ ರೇಸ್ ಏರುತ್ತದೆ. ಗೇರಿನ ಗಾಡಿಯಾದರೆ ಬ್ರೇಕ್ ಒತ್ತಿ ಹಿಡಿದು, ಮೇಲಿನ ಗೇರಿಗೆ ಹಾಕಿ, ಕ್ಲಚ್ ಬಿಟ್ಟು ಎಂಜಿನ್ ಉಸಿರುಗಟ್ಟಿಸಿ ನಿಲ್ಲಿಸಿ. ನ್ಯೂಟ್ರಲ್ ಮಾಡಬೇಡಿ, ಬಾನೆಟ್ ತೆಗೆದು ಬಗ್ಗಿ ನೋಡಲೂ ಹೋಗಬೇಡಿ.

ವಿ6 ಗಾಡಿ, ಎಂಜಿನ್ ಹಿಂಭಾಗದಿಂದ ಎಣ್ಣೆ. ಕ್ರ್ಯಾಂಕ್ ಸೀಲ್ ಅಂತಾರೆ, ಗೇರ್‌ಬಾಕ್ಸ್ ಇಳಿಸಬೇಕಂತೆ.

ಇಳಿಸುವ ಮೊದಲು ಎಂಜಿನ್ನಿನ ಎರಡು ಸಾಲುಗಳ ನಡುವಿನ ಕಣಿವೆ ನೋಡಿಸಿ. ವಾಲ್ವುಗಳನ್ನು ಉದ್ದ ಕಡ್ಡಿಗಳಿಂದ ತಳ್ಳುವ ಹಳೇ ಪುಶ್‌ರಾಡ್ ವಿ ಎಂಜಿನ್ನುಗಳಲ್ಲಿ ಇಂಟೇಕ್ ಮ್ಯಾನಿಫೋಲ್ಡೇ ಆ ಕಣಿವೆಯ ಮುಚ್ಚಳ. ಅದರ ಹಿಂದಿನ ಅಂಚಿನ ಸೀಲ್ ಬಿಟ್ಟರೆ ಎಣ್ಣೆ ಎಂಜಿನ್ ಬೆನ್ನಿನ ಮೇಲೆ ಹರಿದು ಗೇರ್‌ಬಾಕ್ಸ್ ಸೇರುವಲ್ಲಿ ತೊಟ್ಟಿಕ್ಕುತ್ತದೆ, ನೋಡಲು ಥೇಟ್ ಕ್ರ್ಯಾಂಕ್ ಸೀಲ್ ಲೀಕ್. ಮರ್ಸಿಡೀಸ್‌ನ ಓಎಂ642 ಮೂರು ಲೀಟರ್ ವಿ6 ಡೀಸೆಲ್ ಎಂಜಿನ್ನಿನಲ್ಲಿ ಆಯಿಲ್ ಕೂಲರ್ ಇದೇ ಕಣಿವೆಯಲ್ಲಿ ಕೂತಿದೆ. ಅದರ ಸೀಲುಗಳು ಬಿಸಿಗೆ ಸೋತು ಇದೇ ರೀತಿ ಹಿಂದಿನಿಂದ ತೊಟ್ಟಿಕ್ಕುವುದು ಹೆಸರಾದ ತೊಂದರೆ. ಸೀಲಿನ ಬೆಲೆ ಅತ್ಯಲ್ಪ, ಆದರೆ ಅಲ್ಲಿಗೆ ತಲುಪಲು ಟರ್ಬೋ, ಮ್ಯಾನಿಫೋಲ್ಡ್ ಎಲ್ಲ ಇಳಿಸಬೇಕು. ಅಷ್ಟು ಬಿಚ್ಚಿದ ಮೇಲೆ ದಾರಿಯಲ್ಲಿ ಸಿಕ್ಕ ಇನ್‌ಟೇಕ್ ಪ್ಯಾಕಿಂಗ್, ಬ್ರೀದರ್ ಸೀಲ್, ಟರ್ಬೋ ಆಯಿಲ್ ಪೈಪಿನ ಓ-ರಿಂಗ್‌ಗಳನ್ನು ಹಳೆಯವೇ ಹಾಕಿಸಬೇಡಿ. ಪಾರ್ಟ್ ನಂಬರ್ ಸಮೇತ ಅಂದಾಜು ಪಟ್ಟಿ ಬರೆಸಿಕೊಂಡೇ ಕೀ ಕೊಡಿ.